ಒರೆಸದೆ ಬಿಟ್ಟ ಗೆರೆ

ನೀರೊಳಗೆ ಫೋಟೊ ತೆಗೆಯುವ ಸ್ಟುಡಿಯೊ ಇಟ್ಟಿರುವ ಮೃತ್ಯುಂಜಯನಿಗೆ ಈಜು ಬರುವುದಿಲ್ಲ. ನಗಬೇಡಿ. ಹೋಟೆಲು ಇಟ್ಟವರೆಲ್ಲ ಅಡುಗೆ ಬಲ್ಲವರೇ? ಮದುವೆಗೆ ಮುಂಚಿನ ಜೋಡಿ ಫೋಟೊ, ಬಸುರಿ ಫೋಟೊ ಎಲ್ಲವೂ ಈಜುಕೊಳಕ್ಕೆ ಇಳಿಯುತ್ತಿರುವ ಕಾಲದಲ್ಲಿ ದಡದಲ್ಲೇ ನಿಂತಿದ್ದರೆ ಗೋಕುಲಂ ಬಡಾವಣೆಯಲ್ಲಿ ಅಂಗಡಿ ನಡೆಯುವುದಿಲ್ಲ ಎಂದು ಅವನಿಗೆ ಅನ್ನಿಸಿತ್ತು, ಅಷ್ಟೆ. ಇಳಿಯುವುದಕ್ಕೆ ಧರಣಿ ಇದ್ದಳು.

ಧರಣಿ ಮೇಟಗಳ್ಳಿಯ ಹುಡುಗಿ. ಅಜ್ಜಿಯ ಊರಿನ ನಾಲೆಯಲ್ಲಿ ಈಜು ಕಲಿತವಳು, ಕ್ಯಾಮೆರಾ ಹಿಡಿಯುವುದನ್ನು ಮೃತ್ಯುಂಜಯನ ಸ್ಟುಡಿಯೊದಲ್ಲೇ ಕಲಿತವಳು. ನೀರಿನ ಕೆಲಸಕ್ಕೆ ಯಾವ ಸಾಮಾನು ಕೊಳ್ಳಬೇಕು ಎಂಬ ಪ್ರಶ್ನೆ ಬಂದಾಗ ಅವನು ಕ್ಯಾಮೆರಾ ತೂರಿಸುವ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ತೋರಿಸಿದ್ದ. ಧರಣಿ ತಲೆಯಾಡಿಸಿದಳು. ನೀರು ಒತ್ತಿದರೆ ಚೀಲ ಗುಂಡಿಗಳಿಗೆ ಅಂಟಿಕೊಳ್ಳುತ್ತದೆ, ಒಂದನ್ನು ಒತ್ತಿದರೆ ಇನ್ನೊಂದು ಅದುಮಿಕೊಳ್ಳುತ್ತದೆ ಎಂದಳು. ದಿನಗಟ್ಟಲೆ ಓದಿ, ಯಾರ್ಯಾರನ್ನೋ ಕೇಳಿ, ಕ್ಯಾಮೆರಾವನ್ನು ಒಳಗಿಟ್ಟು ಭದ್ರವಾಗಿ ಮುಚ್ಚುವ ಅಲ್ಯೂಮಿನಿಯಂ ಪೆಟ್ಟಿಗೆಯೊಂದನ್ನು ಆರಿಸಿದಳು. ಮುಂದಿನ ಗಾಜು ಚಪ್ಪಟೆಯಾಗಿದ್ದರೆ ನೀರೊಳಗೆ ಎಲ್ಲವೂ ಹತ್ತಿರ ಬಂದು ಅರ್ಧ ಮನುಷ್ಯ ಚಿತ್ರದಿಂದ ಹೊರಗುಳಿಯುತ್ತಾನೆ, ಅದಕ್ಕೆ ಬೋಗುಣಿಯ ಹಾಗೆ ಉಬ್ಬಿದ ಗಾಜೇ ಬೇಕು ಎಂದಳು. ದೀಪಗಳನ್ನು ಕ್ಯಾಮೆರಾದಿಂದ ದೂರ ಚಾಚಿ ಹಿಡಿಯುವ ಎರಡು ಲೋಹದ ಕೈಗಳನ್ನೂ ತರಿಸಿದಳು. ಇಲ್ಲದಿದ್ದರೆ ನೀರಿನ ಕಸವೆಲ್ಲ ಬೆಳಕಿಗೆ ಮಿನುಗಿ ಮದುಮಗಳ ಮುಖದ ಮೇಲೆ ಸಾಬಕ್ಕಿ ಚೆಲ್ಲಿದಂತೆ ಕಾಣುತ್ತದಂತೆ.

ಇಷ್ಟೆಲ್ಲದರ ಪ್ರಾಣ ಇದ್ದದ್ದು ಮಾತ್ರ ಒಂದು ರಬ್ಬರ್ ರಿಂಗಿನಲ್ಲಿ. ಪೆಟ್ಟಿಗೆಯ ಬಾಯಿಗೂ ಮುಚ್ಚಳಕ್ಕೂ ನಡುವೆ ಕೂರುವ ರಿಂಗು ಅದು. ಅದರ ಮೇಲೆ ಒಂದು ಕೂದಲು, ಒಂದು ಮರಳಿನ ಕಣ ಕೂತರೂ ಸಾಕು, ನೀರು ದಾರಿ ಕಂಡುಕೊಳ್ಳುತ್ತದೆ. ಅದಕ್ಕೇ ಧರಣಿ ಪ್ರತಿ ಸಲವೂ ರಿಂಗು ಬಿಚ್ಚಿ, ಒರೆಸಿ, ಜೆಲ್ ಸವರಿ, ಖಾಲಿ ಪೆಟ್ಟಿಗೆಯೊಳಗೆ ಟಿಶ್ಯೂ ಕಾಗದ ಇಟ್ಟು ಮೊದಲು ಬಕೆಟ್ಟಿನಲ್ಲಿ ಮುಳುಗಿಸಿ ನೋಡುತ್ತಿದ್ದಳು. ಕಾಗದ ಒಣಗಿದ್ದರೆ ಮಾತ್ರ ಕ್ಯಾಮೆರಾ ಒಳಗೆ ಹೋಗುತ್ತಿತ್ತು.

ಆಯುಧಪೂಜೆಯ ದಿನ ಮೃತ್ಯುಂಜಯನ ತಾಯಿ ಪುಟ್ಟಬಸಮ್ಮ ಸ್ಟುಡಿಯೊಗೆ ಬಂದರು. ಎಲ್ಲ ಕ್ಯಾಮೆರಾಗಳನ್ನೂ ಮಣೆಯ ಮೇಲೆ ಸಾಲಾಗಿ ಜೋಡಿಸಿದ್ದಾಯಿತು. ಹೊಸ ಪೆಟ್ಟಿಗೆಯನ್ನು ಮುಚ್ಚಿಟ್ಟರೆ ಪೂಜೆ ಹೊರಗಷ್ಟೇ ಸಲ್ಲುತ್ತದೆ, ತೆರೆದಿಡು ಎಂದರು ಅವರು. ಮಗ ತೆರೆದಿಟ್ಟ. ಮಠದಿಂದ ತಂದ ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಲ್ಲಿ ಅದ್ದಿ, ಮುಚ್ಚಳದ ಒಳಮೈಯಲ್ಲಿ ಈ ಅಂಚಿನಿಂದ ಆ ಅಂಚಿನವರೆಗೆ ತುಂಬು ಭಕ್ತಿಯಿಂದ ಎಳೆದರು. ಮಂಗಳಾರತಿ ಆದಮೇಲೆ ಧರಣಿ ಮೆತ್ತನೆಯ ಬಟ್ಟೆ ಹಿಡಿದು ಬಂದಳು. ಸ್ವಲ್ಪ ಹೊತ್ತಿಗೆ ಬಟ್ಟೆಯನ್ನು ಮಡಿಸಿಕೊಂಡು ವಾಪಸು ಹೋದಳು. ಹಬ್ಬದ ಗದ್ದಲ, ಯಾರೂ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಹಬ್ಬ ಮುಗಿದ ಮೇಲಿನ ಮೊದಲ ಕೆಲಸ, ಯೋಗ ಕಲಿಯಲು ಬಂದಿದ್ದ ವಿದೇಶಿ ಹೆಂಗಸಿನದು. ನೀರೊಳಗೆ ಪದ್ಮಾಸನ ಹಾಕಿ ಫೋಟೊ ತೆಗೆಸಿಕೊಳ್ಳಬೇಕೆಂದು ಆಕೆಯ ಆಸೆ. ಬಿಸಿಲು ಸರಿಯುತ್ತಿದೆ ಎಂದು ಮೃತ್ಯುಂಜಯ ಅವಸರ ಮಾಡಿದ. ಟಿಶ್ಯೂ ಕಾಗದದ ಪರೀಕ್ಷೆ ಅವತ್ತು ಆಗಲಿಲ್ಲ. ಧರಣಿ ಮುಳುಗಿದಳು, ಎದ್ದಳು, ಪೆಟ್ಟಿಗೆಯನ್ನು ಮೇಲೆತ್ತಿ ನೋಡಿದಳು. ಉಬ್ಬಿದ ಗಾಜಿನ ಹಿಂದೆ ನೀರು ಅಲುಗಾಡುತ್ತಿತ್ತು.

ಸಿಟ್ಟು ಬಂದಾಗ ಮನುಷ್ಯ ಹತ್ತಿರ ಇರುವವರ ಮೇಲೆಯೇ ಎಗರುತ್ತಾನೆ. ಕೊಳದ ದಡದಲ್ಲಿ, ಆ ಹೆಂಗಸಿನ ಎದುರಿಗೇ, ರಿಂಗು ನೋಡುವಷ್ಟು ಗಮನ ಇಲ್ಲದವಳಿಗೆ ಕ್ಯಾಮೆರಾ ಯಾಕೆ ಎಂದು ಮೃತ್ಯುಂಜಯ ಕೂಗಾಡಿದ. ನಾಳೆಯಿಂದ ಬರಬೇಡ ಎಂದ. ಅಷ್ಟಕ್ಕೇ ಬಿಡಲಿಲ್ಲ. ನೀರು ತುಂಬಿದ ಕ್ಯಾಮೆರಾದ ಫೋಟೊ ತೆಗೆದು, ಊರಿನ ಫೋಟೊಗ್ರಾಫರುಗಳ ವಾಟ್ಸ್ಯಾಪ್ ಗುಂಪಿಗೆ ಹಾಕಿ, ಧರಣಿಯ ಹೆಸರು ಹೇಳಿ, ಕೆಲಸದವರನ್ನು ನಂಬಿದರೆ ಹೀಗಾಗುತ್ತದೆ ಎಂದು ಬರೆದ. ಧರಣಿ ಒದ್ದೆ ಬಟ್ಟೆಯಲ್ಲೇ ಬಸ್ ಸ್ಟಾಪಿಗೆ ನಡೆದುಹೋದಳು.

ಮರುದಿನ ಪೆಟ್ಟಿಗೆಯನ್ನು ಒಣಗಿಸಲು ಬಿಚ್ಚಿದಾಗ ರಿಂಗು ಕೂರುವ ತೋಡಿನಲ್ಲಿ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಮೃತ್ಯುಂಜಯ ಬೆರಳಿಗೆ ತೆಗೆದುಕೊಂಡು ಉಜ್ಜಿದ. ಒರಟಾಗಿತ್ತು. ಮೂಸಿದ. ಹುಟ್ಟಿದಾಗಿನಿಂದ ಅವ್ವನ ಹಣೆಯಲ್ಲಿ, ತನ್ನ ಹಣೆಯಲ್ಲಿ ಮೂಸಿದ ವಾಸನೆ. ಮುಚ್ಚಳದ ಅಂಚಿನಲ್ಲಿ ಮೂರು ಗೆರೆಗಳಲ್ಲಿ ಎರಡು ಕರಗಿಹೋಗಿದ್ದವು. ಮೂರನೆಯದು ಅರ್ಧ ಉಳಿದಿತ್ತು.

ಅವನು ಬಾಗಿಲು ಹಾಕಿಕೊಂಡ. ಸ್ಟುಡಿಯೊದಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ ಹಾಕಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಇವನು ಯಾರೂ ಕರೆಯುವ ಮೊದಲೇ ನೋಡಿಕೊಳ್ಳತೊಡಗಿದ.

ಅವತ್ತು ಊಟಕ್ಕೆ ಕೂತಾಗ ಹೇಳಿಬಿಡಬೇಕೆಂದಿದ್ದ. ಅಷ್ಟರಲ್ಲಿ ಪುಟ್ಟಬಸಮ್ಮನೇ ಮಾತು ತೆಗೆದರು.

“ಆ ಹುಡುಗಿ ಕೈಗುಣ ಸರಿಯಿಲ್ಲ ಕಣೋ. ಎಲ್ಲಿಂದ ಬಂದವಳೋ ಏನೋ. ನಾನು ಅಂಗೇ ಅಂದ್ಕೊಂಡಿದ್ದೆ.”

‘ಎಲ್ಲಿಂದ’ ಎಂದರೆ ಏನರ್ಥ ಎಂದು ಮೃತ್ಯುಂಜಯನಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿ ಮೇಲು ಕೀಳು ಇಲ್ಲ ಎಂದು ಮಠದ ಸಭೆಯಲ್ಲಿ ಚಪ್ಪಾಳೆ ಹೊಡೆದು ಬರುವ ಮನೆ ಅದು. ಅವನು ಮುದ್ದೆ ಮುರಿದು ಸಾರಿಗೆ ಅದ್ದಿದ, ನುಂಗಿದ. ಮಾತನ್ನೂ ಅದರ ಜೊತೆಗೇ ನುಂಗಿದ. ಅವ್ವನಿಗೆ ನೋವಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳು. ಗುಂಪಿನಲ್ಲಿ ಬರೆದದ್ದನ್ನು ಅಳಿಸಲು ಅವನಿಗೆ ನಾಚಿಕೆಯಾಗಿತ್ತು.

ಕೆಲವು ದಿನಗಳ ಮೇಲೆ ಸರಸ್ವತಿಪುರಂನಲ್ಲಿ ಸ್ಟುಡಿಯೊ ಇಟ್ಟಿರುವ ವಿಜಯ್‌ಕುಮಾರ್ ಫೋನು ಮಾಡಿದ. ಧರಣಿ ಕೆಲಸ ಕೇಳಿಕೊಂಡು ಬಂದಿದ್ದಾಳೆ, ಬೇರೆ ಕಡೆಯೂ ಕೇಳಿದಳಂತೆ, ಯಾರೂ ತೆಗೆದುಕೊಂಡಿಲ್ಲ, ನಂಬಬಹುದಾ ಎಂದು ಕೇಳಿದ. ಇಲ್ಲಿ ಒಂದೇ ಮಾತು ಸಾಕಾಗಿತ್ತು. ಮೃತ್ಯುಂಜಯ ಆಡಿದ ಮಾತು ಬೇರೆ.

“ನಿಮ್ಮಿಷ್ಟ ಕಣ್ರೀ. ನಾನೇನ್ ಹೇಳ್ಲಿ.”

ವಿಜಯ್‌ಕುಮಾರ್‌ಗೆ ಅರ್ಥವಾಯಿತು. ಸರಿ ಬಿಡಿ ಎಂದು ಫೋನಿಟ್ಟ. ಮೃತ್ಯುಂಜಯನಿಗೂ ಅರ್ಥವಾಯಿತು. ಕೊಳದ ದಡದಲ್ಲಿ ಕೂಗಾಡಿದ್ದು ಗೊತ್ತಿಲ್ಲದೆ, ಇದು ಗೊತ್ತಿದ್ದೂ. ತಾನು ಎಂಥವನು ಎಂದು ಅವನಿಗೆ ಹೇಸಿಗೆಯಾಯಿತು. ಒಂದು ದಿನ ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚದೆಯೇ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಮೇಟಗಳ್ಳಿಗೆ ಹೊರಟ.

ಧರಣಿಯ ತಾಯಿ ಸೋಮಮ್ಮ ಕುರ್ಚಿ ಹಾಕಿ, ನೀರು ಕೊಟ್ಟು, ಒಳಗೆ ಹೋದರು. ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅದರ ಕೆಳಗೆ ಧರಣಿ ನೀರೊಳಗೆ ತೆಗೆದಿದ್ದ ಒಂದು ಫೋಟೊ: ಬಸುರಿಯೊಬ್ಬಳ ಕೆಂಪು ಸೀರೆ ನೀರಲ್ಲಿ ಹರಡಿಕೊಂಡಿತ್ತು. ನೀರು ಮೊದಲು ಕೆಂಪನ್ನೇ ನುಂಗುತ್ತದೆ, ಅದಕ್ಕೇ ದೀಪ ಸೀರೆಯ ಹತ್ತಿರ ಬೇಕು ಎಂದು ಅವಳೇ ಹಿಂದೆ ಹೇಳಿದ್ದಳು. ಧರಣಿ ಬಂದು ಗೋಡೆಗೆ ಒರಗಿ ನಿಂತಳು. ಹತ್ತಿರದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದೇನೆ, ಶಿಫ್ಟಿಗೆ ಹೋಗಬೇಕು ಎಂದಳು.

ಮೃತ್ಯುಂಜಯ ಪೆಟ್ಟಿಗೆಯನ್ನು ಹೊರತೆಗೆದು ತೆರೆದ. ತಪ್ಪು ಅವಳದಲ್ಲ, ವಿಭೂತಿಯ ಕಣ ಸಿಕ್ಕಿಕೊಂಡಿತ್ತು, ಮರುದಿನವೇ ಗೊತ್ತಾಯಿತು, ಹೇಳಲಿಲ್ಲ ಎಂದ. ಅವಳಿಗೆ ಆಶ್ಚರ್ಯವಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ.

“ನಂಗೆ ಅವತ್ತೇ ಗೊತ್ತಿತ್ತು ಸರ್. ರಿಂಗ್ ತೆಗೆದು ಒರೆಸ್ದೆ, ಜೆಲ್ ಹಚ್ದೆ. ಮುಚ್ಚಳದ ಮೇಲಿನ ಗೆರೆ ಮಾತ್ರ ಒರೆಸ್ಲಿಲ್ಲ.”

“ಯಾಕೆ?”

“ಹಬ್ಬದ ದಿನ ಒರೆಸಕ್ಕೆ ಬಂದೆ. ಅಮ್ಮಾವ್ರು ನಿಮ್ಮ ಮುಖ ನೋಡಿದ್ರು. ನೀವು, ‘ಪೂಜೆ ಮಾಡಿದ್ದು, ನೀನು ಮುಟ್ಬೇಡ’ ಅಂದ್ರಿ.”

ಅಂದಿದ್ದನೇ? ಮೃತ್ಯುಂಜಯ ನೆನಪನ್ನು ತಡಕಾಡಿದ. ಅಂದಿದ್ದ. ಅವ್ವ ಒಂದು ಸಲ ನೋಡಿದ್ದಕ್ಕೆ, ಅವ್ವನ ಮನಸ್ಸು ಕೆಡಬಾರದೆಂದು, ತುದಿನಾಲಿಗೆಯಲ್ಲಿ ಅಂದುಬಿಟ್ಟಿದ್ದ. ಆಡಿದವನಿಗೆ ಮರೆತೇ ಹೋಗಿತ್ತು. ಕೇಳಿಸಿಕೊಂಡವಳು ಕೊಳದ ದಡದಲ್ಲಿ, ಕೈಯಲ್ಲಿ ಬಟ್ಟೆ ಹಿಡಿದು, ಅದನ್ನೇ ಪಾಲಿಸಿದ್ದಳು.

ಕ್ಷಮಿಸು ಎಂದ. ನಾಳೆಯಿಂದಲೇ ಸ್ಟುಡಿಯೊಗೆ ಬಾ ಎಂದ. ಧರಣಿ ಬರುವುದಿಲ್ಲ ಎಂದಳು. ಗುಂಪಿನಲ್ಲಿ ಹಾಕಿದ್ದನ್ನು ಗುಂಪಿನಲ್ಲೇ ಸರಿಮಾಡಿ, ಅಷ್ಟು ಸಾಕು ಎಂದಳು.

ಅವನು ಫೋನು ಬಾಯಿಯ ಹತ್ತಿರ ಹಿಡಿದು ಮಾತು ರೆಕಾರ್ಡ್ ಮಾಡಿದ. ಕ್ಯಾಮೆರಾಗೆ ನೀರು ಹೋಗಿದ್ದು ಧರಣಿಯ ತಪ್ಪಿನಿಂದಲ್ಲ, ಪೂಜೆಯ ವಿಭೂತಿ ರಿಂಗಿಗೆ ಸಿಕ್ಕಿಕೊಂಡು ಹಾಗಾಗಿದೆ, ಎಲ್ಲರೂ ದಯವಿಟ್ಟು ಗಮನಿಸಿ ಎಂದ. ಕಳಿಸುವ ಮೊದಲು ಅವಳಿಗೆ ಕೇಳಿಸಿದ.

“ಇದರಲ್ಲಿ ನೀವೆಲ್ಲಿದ್ದೀರಿ ಸರ್?” ಎಂದಳು ಧರಣಿ.

ಅವನು ಅಳಿಸಿದ. ಮತ್ತೆ ಹಿಡಿದುಕೊಂಡ.

“ಧರಣಿ ಒರೆಸೋಕೆ ಬಂದಿದ್ಲು. ‘ನೀನು ಮುಟ್ಬೇಡ’ ಅಂದವನು ನಾನು. ಪರೀಕ್ಷೆ ಮಾಡೋಕೂ ಬಿಡ್ಲಿಲ್ಲ. ಆಮೇಲೆ ಅವಳ ಹೆಸರು ಕೆಡಿಸ್ದೆ. ವಿಜಯ್‌ಕುಮಾರ್ ಅವರೇ, ನೀವು ಫೋನ್ ಮಾಡ್ದಾಗ ನಂಗೆ ನಿಜ ಗೊತ್ತಿತ್ತು.”

ಕಳಿಸಿದ. ಮನೆಗೆ ಹೋಗಿ ಅವ್ವನಿಗೂ ಇದನ್ನೇ ಕೇಳಿಸಬೇಕು ಎಂದುಕೊಂಡಾಗ ಕೊಳದ ಅಂಚಿನಲ್ಲಿ ನಿಂತಾಗಿನ ಭಯವೇ ಬಂತು. ಆದರೂ ಕೇಳಿಸುತ್ತೇನೆ ಎಂದು ಧರಣಿಯ ಎದುರಿಗೇ ಬಾಯಿ ಬಿಟ್ಟು ಹೇಳಿದ. ಅವಳ ಕಣ್ಣು ಪೆಟ್ಟಿಗೆಯ ಮೇಲಿತ್ತು. ಇಷ್ಟು ಆಸೆಯಿಂದ ಆರಿಸಿದ ಸಾಮಾನನ್ನು ಹೀಗೆ ಕೊಳಕಾಗಿ ಇಟ್ಟಿದ್ದೀರಲ್ಲ, ಅದೇನು ಪಾಪ ಮಾಡಿದೆ ಎಂದು ನೆಲದ ಮೇಲೆ ಕೂತು ಅದನ್ನು ಮಡಿಲಿಗೆ ಎಳೆದುಕೊಂಡಳು. ರಿಂಗು ಬಿಚ್ಚಿದಳು. ತೋಡನ್ನು ಸುತ್ತಲೂ ಒರೆಸಿದಳು. ಮುಚ್ಚಳವನ್ನು ತಿರುಗಿಸಿದಾಗ ಅಂಚಿನಲ್ಲಿ ಆ ಅರ್ಧ ಗೆರೆ ಇನ್ನೂ ಇತ್ತು.

ಧರಣಿಯ ಕೈ ಬಟ್ಟೆಯ ಸಮೇತ ಅಲ್ಲಿಗೆ ಹೋಗಿ ನಿಂತಿತು. ಅವಳು ತಲೆ ಎತ್ತಿ ಅವನ ಮುಖ ನೋಡಿದಳು.

“ಒರೆಸಮ್ಮ” ಎಂದ ಮೃತ್ಯುಂಜಯ, ಅವಳ ಕಣ್ಣು ತಪ್ಪಿಸಿ.