ಬಾವಲಿಗಳಿಗೆ ಪಂಪು ಹೊಡೆದದ್ದು

ಆನವಟ್ಟಿಯಲ್ಲಿ ಗೊಬ್ಬರ ಮತ್ತು ಕೀಟನಾಶಕದ ಅಂಗಡಿ ಇಟ್ಟಿದ್ದ ರೇಣುಕಾಪ್ರಸಾದ್‌ಗೆ ತನ್ನ ತಿಳಿವಳಿಕೆಯ ಬಗ್ಗೆ ಯಾವ ಅನುಮಾನವೂ ಇರಲಿಲ್ಲ. ಬಿ.ಎಸ್ಸಿ. ಎರಡನೇ ವರ್ಷದವರೆಗೆ ಓದಿದ್ದ. ಮೂರನೇ ವರ್ಷದ ವಿಷಯ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಬದನೆಗೆ ಹುಳ ಬಿದ್ದರೂ ಎಮ್ಮೆ ಮೇವು ಬಿಟ್ಟರೂ ಜನ ಅವನ ಹತ್ತಿರವೇ ಬರುವರು. ಎಮ್ಮೆಯ ವಿಷಯ ತನಗೆ ಗೊತ್ತಿಲ್ಲ ಎಂದು ಹೇಳುವ ಕೆಟ್ಟ ಚಟ ಅವನಿಗಿರಲಿಲ್ಲ.

ತೊಂಬತ್ತೆಂಟರ ಮೇ ತಿಂಗಳು. ಬಿಸಿಲು ತಲೆ ಒಡೆಯುವಂತಿತ್ತು. ಒಂದು ಮಧ್ಯಾಹ್ನ ಕುರಿ ಸಾಕುವ ಗುತ್ಯಮ್ಮ ಏದುಸಿರು ಬಿಡುತ್ತಾ ಅಂಗಡಿಯ ಮೆಟ್ಟಿಲ ಹತ್ತಿರ ಬಂದು ನಿಂತಳು.

“ಸಾವ್ಕಾರ್ರೆ, ಬಂದಳಿಕೆ ದಾರಿ ಗೋಣಿ ಮರದಾಗ ಬಾವಲಿ ಅದಾವಲ್ರೀ, ಬಿಸಿಲು ತಡೀಲಾರ್ದೆ ಹಣ್ಣು ಉದುರಿದಂಗೆ ಉದುರ್ತಾ ಅದಾವೆ. ಕೊಡದಾಗ ನೀರು ಎರಚಿದ್ರೆ ಮೇಲಕ್ಕೆ ಮುಟ್ಟಂಗಿಲ್ಲ. ನಿಮ್ಮ ಔಷಧಿ ಹೊಡಿಯೋ ಪಂಪು ಕೊಡ್ರಿ, ಪುಣ್ಯ ಬರ್ತೈತಿ.”

ಅಂಗಡಿಯಲ್ಲಿ ಐದು ಜನ ಗಿರಾಕಿಗಳಿದ್ದರು. ಅವರಿಲ್ಲದಿದ್ದರೆ ರೇಣುಕಾಪ್ರಸಾದ್ ಪಂಪು ಕೊಟ್ಟು ಕಳಿಸಿ ಗೋಣಿಚೀಲದ ಮೇಲೆ ನಿದ್ದೆ ಹೊಡೆಯುತ್ತಿದ್ದ. “ಪಂಪು ಎಲ್ಲರ ಕೈಗೂ ಕೊಡೋ ವಸ್ತು ಅಲ್ಲ ಗುತ್ಯಮ್ಮ, ನಾನೇ ಬರ್ತೀನಿ,” ಎಂದು ಎದ್ದ. ಮನೆಯ ಹಿತ್ತಿಲಿನಿಂದ ಪಂಪು ತೆಗೆದು ಬೆನ್ನಿಗೇರಿಸಿಕೊಂಡು ಲೂನಾ ಹತ್ತಿದ. ಗುತ್ಯಮ್ಮ ಹಿಂದೆ ನಡೆದು ಬಂದಳು. ಅವಳನ್ನು ಕೂರಿಸಿಕೊಳ್ಳಲು ಪಂಪು ಜಾಗ ಬಿಟ್ಟಿರಲಿಲ್ಲ.

ಮರದ ಕೆಳಗಿನ ಸ್ಥಿತಿ ನೋಡಿ ಅವನಿಗೆ ನಿಜವಾಗಿಯೂ ಸಂಕಟವಾಯಿತು. ಮೂವತ್ತು ನಲವತ್ತು ಬಾವಲಿಗಳು ನೆಲದಲ್ಲಿ ಬಾಯಿ ತೆರೆದು ಬಿದ್ದಿದ್ದವು. ಕೆಲವುಗಳ ಎದೆಗೆ ಮರಿಗಳು ಅಂಟಿಕೊಂಡಿದ್ದವು. ಗುತ್ಯಮ್ಮ ತನ್ನ ಕರಿ ಕಂಬಳಿಯನ್ನು ನೀರಲ್ಲಿ ಅದ್ದಿ ಹಗ್ಗದ ಮೇಲೆ ಹರವಿದ್ದಳು. ಬಿದ್ದದ್ದನ್ನು ಬಟ್ಟೆಯಲ್ಲಿ ಎತ್ತಿ ಕಾಲಿನ ಉಗುರು ಉಣ್ಣೆಗೆ ತಾಗಿಸಿದರೆ ಸಾಕು, ಅದು ಗಟ್ಟಿಯಾಗಿ ಹಿಡಿದು ತಲೆಕೆಳಗಾಗಿ ನೇತಾಡುತ್ತಿತ್ತು.

“ಹಾಗಲ್ಲ, ರಕ್ತ ಎಲ್ಲಾ ತಲೆಗೆ ಇಳಿಯುತ್ತೆ,” ಎಂದು ರೇಣುಕಾಪ್ರಸಾದ್ ಒಂದನ್ನು ಬಿಡಿಸಿ, ತಲೆ ಮೇಲೆ ಮಾಡಿ ನೆಲಕ್ಕೆ ಒರಗಿಸಿದ. ಬಾವಲಿ ಅವನ ಹೆಬ್ಬೆರಳು ಕಚ್ಚಿ, ತೆವಳುತ್ತಾ ಮತ್ತೆ ಕಂಬಳಿಗೇ ಹೋಯಿತು. ಅದು ಬಿ.ಎಸ್ಸಿ. ಓದಿರಲಿಲ್ಲ.

ಬಾವಲಿಗಳ ಕಡೆ ನೋಡುತ್ತಲೇ, ಪಂಪಿನೊಳಗೆ ಇಣುಕದೆ, ಹತ್ತಿರದ ಹೊಂಡದಿಂದ ನೀರು ತುಂಬಿಸಿಕೊಂಡು, ಮರದ ಕವಲಿನವರೆಗೆ ಹತ್ತಿ ಪಂಪು ಹೊಡೆದ. ಮೇಲಿದ್ದವು ರೆಕ್ಕೆ ಬಿಚ್ಚಿ ಹನಿಗಳಿಗೆ ಮೈಯೊಡ್ಡಿದವು, ಒದ್ದೆ ಕೂದಲು ನೆಕ್ಕಿದವು. ದಾರಿಹೋಕರು ನಿಂತು ನೋಡಿದರು. ರೇಣುಕಾಪ್ರಸಾದ್ ಎದೆ ಉಬ್ಬಿಸಿ ಕೆಳಗಿನ ಕಂಬಳಿಗೂ ಹೊಡೆದ.

ಎರಡನೇ ಸಲ ತುಂಬಿಸಲೆಂದು ಮುಚ್ಚಳ ತೆಗೆದಾಗ ಘಾಟು ಮೂಗಿಗೆ ಬಡಿಯಿತು. ತಳದಲ್ಲಿ ಉಳಿದ ನೀರು ಮಜ್ಜಿಗೆಯ ಹಾಗೆ ಬೆಳ್ಳಗಿತ್ತು. ಹೋದ ಭಾನುವಾರ ಹಿತ್ತಿಲ ನಿಂಬೆ ಗಿಡಕ್ಕೆ ಕೀಟನಾಶಕ ಹೊಡೆದಿದ್ದ. ಟಿ.ವಿ.ಯಲ್ಲಿ ಸಿನಿಮಾ ಶುರುವಾಗಿತ್ತೆಂದು ಮಿಕ್ಕದ್ದನ್ನು ಚೆಲ್ಲದೆ ಹಾಗೇ ಇಟ್ಟು ಒಳಗೆ ಓಡಿದ್ದ. ಪಂಪು ಮೂರು ಸಲ ತೊಳೆಯಿರಿ ಎಂದು ತಾಲ್ಲೂಕಿಗೆಲ್ಲ ಪಾಠ ಹೇಳುವ ಮಹಾನುಭಾವ ಇವನೇ.

ಅವನ ತಲೆ ಚುರುಕಾಗಿ ಓಡಿತು. ಸತ್ತರೆ ಬಿಸಿಲಿಗೆ ಸತ್ತವು ಎನ್ನುತ್ತಾರೆ, ಯಾರಿಗೆ ಗೊತ್ತಾಗುತ್ತದೆ? ಹೊಂಡದ ದಂಡೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಸೋಪು ಹಾಕಿ ಪಂಪನ್ನು ತೊಳೆದು, ಮರಕ್ಕೆಲ್ಲ ಮತ್ತೆ ನೀರು ಹೊಡೆದು, ಗಂಟಲು ಸರಿ ಮಾಡಿಕೊಂಡ. “ಗುತ್ಯಮ್ಮ, ಮೊದಲನೇ ಹಂತ ಮುಗೀತು. ಎರಡನೇ ಹಂತದಲ್ಲಿ ಒಂದೊಂದನ್ನೂ ಬರೀ ನೀರಲ್ಲಿ ಚೆನ್ನಾಗಿ ತೊಳೀಬೇಕು. ಬಿದ್ದದ್ದು ಒಂದನ್ನೂ ಬಿಡಬಾರ್ದು.”

“ಬಿದ್ದದ್ರಾಗೆ ಎರಡು ಇಲ್ರೀ. ನೀವು ಮೊದಲನೇ ಸಲ ನೀರು ಹೊಡೆದ ಮೇಲೆ ಬಿದ್ವಲ್ಲ, ಅವನ್ನ ಇಲ್ಲೇ ನೋಡ್ತಾ ನಿಂತಿದ್ದ ಕೆಂಪಪ್ಪ ಚೀಲದಾಗೆ ಹಾಕ್ಕಂಡು ಹೋದ. ಅವರವ್ವ ಸುಂಕಲಮ್ಮಂಗೆ ದಮ್ಮು ನೋಡ್ರಿ. ಬಾವಲಿ ಸಾರು ಉಂಡ್ರೆ ಕಡಿಮೆ ಆಗ್ತೈತಂತೆ.”

ರೇಣುಕಾಪ್ರಸಾದ್ ಲೂನಾವನ್ನು ಅಷ್ಟು ಜೋರಾಗಿ ಎಂದೂ ಓಡಿಸಿರಲಿಲ್ಲ. ಅದೂ ಅಷ್ಟು ಜೋರಾಗಿ ಓಡಲಿಲ್ಲ. ಕೆಂಪಪ್ಪನ ಮನೆ ಮುಟ್ಟಿದಾಗ ಒಲೆಯ ಮೇಲೆ ಗಡಿಗೆ ಕುದಿಯುತ್ತಿತ್ತು, ಮುದುಕಿ ತಟ್ಟೆ ಹಿಡಿದು ಕೂತಿದ್ದಳು.

“ಕೆಂಪಪ್ಪ, ಬಾವಲಿ ತಿಂದ್ರೆ ಫಾರೆಸ್ಟಿನವರು ಕೇಸು ಹಾಕ್ತಾರೆ.”

“ಬಾವಲಿಗೆ ಯಾವ ಕೇಸ್ರೀ?” ಎಂದು ಕೆಂಪಪ್ಪ ನಕ್ಕ.

“ದಮ್ಮಿಗೆ ಅದರಿಂದ ಏನೂ ಆಗಲ್ಲ. ವಿಜ್ಞಾನ ಹಾಗೆ ಹೇಳಲ್ಲ.”

“ನೀವು ಹೇಳಿದ ಮಾತ್ರೆನೂ ನುಂಗೀನಿ ಸಾವ್ಕಾರ್ರೆ, ಏನಾತು?” ಎಂದಳು ಸುಂಕಲಮ್ಮ, ಎಳೆದೆಳೆದು ಉಸಿರಾಡುತ್ತಾ. ಕೆಂಪಪ್ಪ ಸೌಟು ತೆಗೆದುಕೊಂಡ.

ಹುಟ್ಟಿದಾಗಿನಿಂದ ಮಾಂಸದ ಗಡಿಗೆಯ ಹತ್ತಿರ ಸುಳಿಯದಿದ್ದವನು ಎರಡೂ ಕೈಯಲ್ಲಿ ಆ ಗಡಿಗೆಯನ್ನು ತಬ್ಬಿ ಹಿಡಿದ. ಅಂಗೈ ಚುರ್ರೆಂದಿತು. “ತಿನ್ಬೇಡ್ರಿ! ಪಂಪಿನಾಗೆ ವಿಷ ಇತ್ತು. ನಾನೇ ತೊಳೆದಿರ್ಲಿಲ್ಲ!”

ಸುಂಕಲಮ್ಮ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಕೆಂಪಪ್ಪ ಬಯ್ಯಲಿಲ್ಲ. ಹಿತ್ತಿಲಲ್ಲಿ ಗುಂಡಿ ತೋಡಿ, ಸಾರು ಸುರಿದು, ಗಡಿಗೆಯನ್ನೂ ಒಡೆದು ಮುಚ್ಚಿದ ಮೇಲೆ ಒಂದೇ ಮಾತು ಕೇಳಿದ: “ಗುತ್ಯಮ್ಮಂಗೆ ಹೇಳೀರಾ?”

ವಾಪಸು ಬರುವಾಗ ದಾರಿಯಲ್ಲಿ ಎರಡು ಸಲ ಸುಮ್ಮಸುಮ್ಮನೆ ಗಾಡಿ ನಿಲ್ಲಿಸಿದ. ಹೇಳದಿದ್ದರೂ ನಡೆಯುತ್ತಿತ್ತು; ಎರಡನೇ ಹಂತದಲ್ಲಿ ಎಲ್ಲವೂ ತೊಳೆದು ಹೋಗುತ್ತದೆ. ಆದರೆ ಅವಳ ಕೈ? ಅವಳು ಸಂಜೆ ಹೊದೆಯುವ ಆ ಕಂಬಳಿ? ತನ್ನ ಮರ್ಯಾದೆ ಅಂಥ ದೊಡ್ಡದೇನು ಎಂದು ಜನ್ಮದಲ್ಲಿ ಮೊದಲ ಸಲ ಯೋಚಿಸಿ ನಾಚಿಕೆಪಟ್ಟ.

ಗುತ್ಯಮ್ಮ ಕಂಬಳಿಯ ಮುಂದೆ ಕೂತು ಒಂದು ಮರಿಯ ಮೈ ತೊಳೆಯುತ್ತಿದ್ದಳು. ಸತ್ತ ಹನ್ನೊಂದು ಬಾವಲಿಗಳನ್ನು ಬದಿಗೆ ಸಾಲಾಗಿ ಇಟ್ಟಿದ್ದಳು. ರೇಣುಕಾಪ್ರಸಾದ್ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ನಿಂಬೆ ಗಿಡ, ಸಿನಿಮಾ, ಏನನ್ನೂ ಬಿಡಲಿಲ್ಲ.

ಅವಳು ಮರಿಯಿಂದ ಕಣ್ಣು ತೆಗೆಯಲಿಲ್ಲ. “ವಾಸನೆ ನಂಗೆ ಆಗ್ಲೇ ಬಂದಿತ್ರೀ,” ಎಂದಳು. “ನೀವು ಮೊದಲನೇ ಸಲ ಹೊಡೆದಾಗ್ಲೇ. ನಿಮಗೆ ಗೊತ್ತಿಲ್ದೆ ಇರ್ತೈತೇನು ಅಂತ ಸುಮ್ಮನಿದ್ದೆ.”

ರೇಣುಕಾಪ್ರಸಾದ್ ಕೊಡ ಎತ್ತಿಕೊಂಡು ಹೊಂಡಕ್ಕೆ ಇಳಿದ.