ಆಗದ ಕೆಲಸಕ್ಕೆ ಮೂರು ವರ್ಷ

ಕೆಮಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಸಂಶೋಧನೆಗೆ ದುಡ್ಡು ಕೇಳುವ ವರಸೆಯೇ ಬೇರೆ. ಮೊದಲು ಸದ್ದಿಲ್ಲದೆ ಕೆಲಸ ಮುಗಿಸಬೇಕು. ಆಮೇಲೆ ಏನೂ ಅರಿಯದವರ ಹಾಗೆ ಮುಖ ಮಾಡಿಕೊಂಡು ‘ಮುಂದೆ ಮಾಡಲಿದ್ದೇವೆ’ ಅಂತ ಅರ್ಜಿ ಹಾಕಬೇಕು. ಆಗಿಹೋದ ಕೆಲಸಕ್ಕೆ ಯಾರೂ ಬಿಡಿಗಾಸು ಬಿಚ್ಚುವುದಿಲ್ಲ.

ವಿಭಾಗದ ಪ್ರೊಫೆಸರ್ ಮೇಡಂ ಕೂಡ ಹಾಗೇ ಬರೆದಿದ್ದರು. ಬಟ್ಟೆ ಕಾರ್ಖಾನೆಯ ಬಣ್ಣದ ನೀರನ್ನು ಒಂದೇ ಕೊಳವೆಯಲ್ಲಿ ಇಳಿಸಿ ತಿಳಿ ಮಾಡುತ್ತೇವೆ, ಒಳಗಿನ ಇದ್ದಿಲನ್ನು ತಿಂಗಳುಗಟ್ಟಲೆ ಬದಲಿಸಬೇಕಾಗಿಲ್ಲ ಅಂತ. ಆ ಕೊಳವೆ ಹಿಂದಿನ ಕೋಣೆಯಲ್ಲಿ ಎಂಟು ತಿಂಗಳಿಂದ ಓಡುತ್ತಲೇ ಇತ್ತು. ಮೇಲೆ ಕಡುನೀಲಿ, ಕೆಳಗೆ ಕನ್ನಡಿಯಂಥ ನೀರು. ಆ ನೀರಲ್ಲೇ, ಮೇಡಂ ಕೋಣೆಯ ಗಾಜಿನ ಜಾಡಿಯೊಳಗೆ, ಒಂದು ಮೀನು ಆರಾಮಾಗಿ ಬಾಲ ಆಡಿಸುತ್ತಿತ್ತು.

ಅದನ್ನು ಸಾಕಿದವನು ಲ್ಯಾಬಿನ ಮೆಕ್ಯಾನಿಕ್. ಹುಡುಗರ ಬಾಯಲ್ಲಿ ಸ್ಪ್ಯಾನರ್ ಮಾಮ. ಗುಜರಿ ಪೈಪು ಜೋಡಿಸಿ, ರಜೆ ದಿನವೂ ಬಂದು, ಕೊಳವೆ ಕಟ್ಟಿದವನೂ ಅವನೇ. ಹದಿನಾರು ವರ್ಷ ದುಡಿದರೂ ಅವನ ನೌಕರಿ ಇನ್ನೂ ಗುತ್ತಿಗೆಯದೇ. ಈ ಅರ್ಜಿ ಪಾಸಾಗದಿದ್ದರೆ ತಿಂಗಳ ಕೊನೆಗೆ ಅವನು ಮನೆಗೆ.

ದುಡ್ಡು ಮಂಜೂರು ಮಾಡುವ ಸಮಿತಿಯವರು ಬಂದರು. ಅಧ್ಯಕ್ಷರು ಜಾಡಿಯ ಗಾಜು ತಟ್ಟಿ, “ಮೀನು ಚೆನ್ನಾಗಿದೆ” ಅಂದರು. ಕೂತವರೇ ಅರ್ಜಿ ಪಕ್ಕಕ್ಕೆ ಸರಿಸಿದರು. “ನೋಡಿ ಅಮ್ಮಾ, ಇದು ಆಗೋ ಮಾತಲ್ಲ. ನನ್ನ ಪುಸ್ತಕದಲ್ಲೇ ಬರೆದಿದ್ದೀನಿ.”

‘ಆಗಿದೆ ಸಾರ್, ನೀವು ತಟ್ಟಿದ ಜಾಡಿಯಲ್ಲಿರೋದೇ ಆ ನೀರು!’ ಮಾತು ಮೇಡಂ ನಾಲಿಗೆ ತುದಿಗೆ ಬಂದಿತ್ತು. ಪಕ್ಕದಲ್ಲಿದ್ದ ವಿಭಾಗದ ಮುಖ್ಯಸ್ಥರು ಮೇಜಿನ ಕೆಳಗೆ ಅವರ ಕಾಲು ತುಳಿದರು. ಆಗಿದೆ ಅಂದರೆ ದುಡ್ಡಿಲ್ಲ. ಆಗಲ್ಲ ಅಂತ ಒಪ್ಪಿದರೂ ದುಡ್ಡಿಲ್ಲ. ಬಾಗಿಲಲ್ಲಿ ಸ್ಪ್ಯಾನರ್ ಮಾಮ ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಾ ನಿಂತಿದ್ದ. ಮೇಡಂ ಅತ್ತ ನೋಡಿ ಅಧ್ಯಕ್ಷರ ಕಡೆ ತಿರುಗಿದರು.

“ಸರಿ ಸಾರ್, ಆಗಲ್ಲ,” ಅಂದರು. “ಆದ್ರೆ ಯಾಕೆ ಆಗಲ್ಲ ಅನ್ನೋದನ್ನಾದ್ರೂ ಯಾರಾದ್ರೂ ಕಂಡುಹಿಡೀಬೇಡ್ವಾ? ನಿಮ್ಮ ಪುಸ್ತಕಕ್ಕೂ ಒಂದು ಆಧಾರ ಸಿಕ್ಕ ಹಾಗಾಗುತ್ತೆ.”

ಅಧ್ಯಕ್ಷರ ಮುಖ ಊರಗಲ ಅರಳಿತು. “ಭೇಷ್! ಇದು ಸಂಶೋಧನೆ ಅಂದ್ರೆ!” ಕಾಫಿ ಆರುವಷ್ಟರಲ್ಲಿ ಮೂರು ವರ್ಷದ ಮಂಜೂರಾತಿಗೆ ಸಹಿ ಬಿತ್ತು.

ಅವರು ಹೋದ ಮೇಲೆ ಸ್ಪ್ಯಾನರ್ ಮಾಮ ಒಳಗೆ ಬಂದ. “ಕೆಲಸ ಉಳೀತಾ ಮೇಡಂ?”

“ಉಳೀತು ಮಾಮ. ಮೂರು ವರ್ಷ ಯೋಚನೆ ಇಲ್ಲ.” ಮೇಡಂ ಅವನ ಮುಖ ನೋಡಲಾರದೆ ಕಿಟಕಿ ಕಡೆ ತಿರುಗಿದರು. “ಆದ್ರೆ ಅಲ್ಲೀವರೆಗೂ ನಿಮ್ಮ ಕೊಳವೆ ಕೆಲಸ ಮಾಡೋ ಹಾಗಿಲ್ಲ.”

ಅವನು ಹಿಂದಿನ ಕೋಣೆಗೆ ಹೋಗಿ, ಎಂಟು ತಿಂಗಳು ಯಾರಿಗೂ ಮುಟ್ಟಲು ಬಿಡದಿದ್ದ ವಾಲ್ವನ್ನು ತಾನೇ ತಿರುಗಿಸಿ ಬಂದ್ ಮಾಡಿದ. ಆಮೇಲೆ ಜಾಡಿ ಎತ್ತಿಕೊಂಡು ಬಂದು ಮೇಡಂ ಮುಂದೆ ನಿಂತ.

“ಇನ್ಮೇಲೆ ಇದಕ್ಕೆ ನಲ್ಲಿ ನೀರು ಹಾಕ್ಲಾ ಮೇಡಂ?”