ಮೊಲದ ಕಿವಿಯ ಬಿಳಿ ಚುಕ್ಕೆ

ಮಿಸ್ ಮ್ಯೂರಿಯಲ್ ಟೆಟ್ಲೋ ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ರೈಲಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಆದರೂ ಅಲ್ಲಿ ಚೀಲ ಇಡಲು ಮನಸ್ಸಾಗಲಿಲ್ಲ. ಹನ್ನೊಂದು ವರ್ಷಗಳಿಂದ ಅವಳ ಪಕ್ಕದ ಜಾಗ ಜೋನ್ ಫೆಲ್ಗೇಟ್‌ಳದ್ದು. ಜೋನ್ ಬದುಕಿದ್ದು ಮುನ್ನೂರೈವತ್ತು ವರ್ಷಗಳ ಹಿಂದೆ ಎಂಬುದು ಬೇರೆ ಮಾತು.

ಲಂಡನ್ನಿನ ಮುದ್ರಕ ಹಂಫ್ರಿ ಫೆಲ್ಗೇಟ್ ಪ್ಲೇಗಿನಲ್ಲಿ ತೀರಿಕೊಂಡ. ಅವನ ಹೆಂಡತಿ ಜೋನ್ ಆಮೇಲೆ ಅಚ್ಚುಕೂಟ ನಡೆಸಿದಳೇ? ಮ್ಯೂರಿಯಲ್ ಇಷ್ಟು ವರ್ಷ ಹುಡುಕಿದ್ದು ಇದನ್ನೇ. ಚರ್ಚಿನ ದಾಖಲೆಯಲ್ಲಿ ಅವಳ ಹೆಸರು ಗಂಡನನ್ನು ಮಣ್ಣು ಮಾಡಿದ ದಿನ ಒಮ್ಮೆ ಬರುತ್ತದೆ, ಅಷ್ಟೇ. ಯಾವ ಪುಸ್ತಕದ ಮೇಲೂ ಇಲ್ಲ. ಆದರೆ ಮರುವರ್ಷ ಪ್ರವಾಹವೊಂದರ ಬಗ್ಗೆ ಎಂಟು ಹಾಳೆಯ ಪುಸ್ತಿಕೆ ಹೊರಬಂದಿತ್ತು. ಬರೆದವರ ಹೆಸರಿಲ್ಲ, ಅಚ್ಚು ಹಾಕಿದವರ ಹೆಸರೂ ಇಲ್ಲ. ಮೊದಲ ಅಕ್ಷರ ಮಾತ್ರ ದೊಡ್ಡದು, ಮರದ ಅಚ್ಚಿನದು. ಅದರ ಕೆಳಗೆ ಕರೀ ಕಿವಿಯ ಮೊಲವೊಂದು ಕೂತಿತ್ತು. ಅಂಥ ಮೊಲದಚ್ಚುಗಳು ಆಗಿನ ಲಂಡನ್ನಿನಲ್ಲಿ ಎರಡಿದ್ದವು, ಒಂದನ್ನು ನೋಡಿ ಇನ್ನೊಂದನ್ನು ಕೆತ್ತಿದ್ದು. ಒಂದು ಫೆಲ್ಗೇಟ್ ಮನೆಯದು, ಇನ್ನೊಂದು ನೋಕ್ಸ್ ಎಂಬ ಮುದ್ರಕನದು. ವ್ಯತ್ಯಾಸ ಇಷ್ಟೇ: ಫೆಲ್ಗೇಟರ ಅಚ್ಚಿಗೆ ಹುಳ ಬಿದ್ದು ತೂತಾಗಿತ್ತು. ಅದರಿಂದ ಒತ್ತಿದಾಗಲೆಲ್ಲ ಮೊಲದ ಎಡಗಿವಿಯಲ್ಲಿ ಸಾಸಿವೆ ಕಾಳಿನಷ್ಟು ಜಾಗಕ್ಕೆ ಮಸಿ ಹತ್ತದೆ ಬಿಳಿ ಚುಕ್ಕೆ ಉಳಿಯುತ್ತಿತ್ತು.

ಪುಸ್ತಿಕೆಯ ಒಂದೇ ಒಂದು ಪ್ರತಿ ಉಳಿದಿತ್ತು, ದೂರದ ಊರಿನ ದೊಡ್ಡ ಚರ್ಚಿನ ಗ್ರಂಥಾಲಯದಲ್ಲಿ. ಯುದ್ಧದ ಸಮಯದಲ್ಲಿ ಪುಸ್ತಕಗಳನ್ನೆಲ್ಲ ಪೆಟ್ಟಿಗೆಯಲ್ಲಿ ತುಂಬಿ ಗುಹೆಗೆ ಸಾಗಿಸುವ ಮುಂಚೆ ಯಾರೋ ಅದರ ಫೋಟೋ ತೆಗೆದು ಅವಳಿಗೆ ಕಳಿಸಿದ್ದರು. ಫೋಟೋದಲ್ಲಿ ಮೊಲದ ಎಡಗಿವಿಯಲ್ಲಿ ಬಿಳಿ ಚುಕ್ಕೆ ಇತ್ತು. ಅಂದರೆ ಅದು ಫೆಲ್ಗೇಟರ ಅಚ್ಚು, ಗಂಡ ಸತ್ತ ಮೇಲೆ ಅದನ್ನು ಒತ್ತಿದವಳು ಜೋನ್. ಆ ದಿನ ಮ್ಯೂರಿಯಲ್ ತನ್ನ ಬಾಡಿಗೆ ಕೋಣೆಯಲ್ಲಿ ಚಹಾ ಕಾಯಿಸಿ ಎರಡು ಬಟ್ಟಲು ಇಟ್ಟಳು. ಆಮೇಲೆ ನಾಚಿ ಒಂದನ್ನು ಎತ್ತಿಟ್ಟಳು.

ಈಗ ಯುದ್ಧ ಮುಗಿದು ಪುಸ್ತಕಗಳು ಗ್ರಂಥಾಲಯಕ್ಕೆ ವಾಪಸು ಬಂದಿದ್ದವು. ಹಳೆಯ ಇಂಗ್ಲಿಷ್ ಪುಸ್ತಕಗಳ ದೊಡ್ಡ ಪಟ್ಟಿಯೊಂದು ಅಚ್ಚಿಗೆ ಹೋಗುತ್ತಿತ್ತು. ಪುಸ್ತಕದಲ್ಲಿ ಇಲ್ಲದ, ವಿದ್ವಾಂಸರು ಪತ್ತೆಮಾಡಿ ಸೇರಿಸಿದ ಹೆಸರನ್ನು ಚೌಕ ಕಂಸದೊಳಗೆ ಹಾಕುವುದು ಅಲ್ಲಿಯ ಪದ್ಧತಿ. ಮ್ಯೂರಿಯಲ್ ಕೊಟ್ಟ ಆಧಾರದ ಮೇಲೆ, ಪ್ರವಾಹದ ಪುಸ್ತಿಕೆಯ ಮುಂದಿನ ಕಂಸದಲ್ಲಿ ಜೋನ್ ಫೆಲ್ಗೇಟ್ ಇದ್ದಳು. ತಿದ್ದಿದ ಕರಡು ಅಂದಿನ ನಾಲ್ಕೂವರೆ ಟಪಾಲಿಗೆ ಹೋಗಬೇಕಿತ್ತು. ಅದು ಅವಳ ಚೀಲದಲ್ಲಿತ್ತು. ಆ ಗ್ರಂಥಾಲಯಕ್ಕೆ ಬಾ ಎಂದು ಅವಳನ್ನು ಯಾರೂ ಕರೆದಿರಲಿಲ್ಲ. ಒಂದು ಸಲ ಕಣ್ಣಾರೆ ನೋಡಬೇಕು ಅನ್ನಿಸಿತ್ತು, ಅಷ್ಟೇ.

ಗ್ರಂಥಾಲಯ ಕಾಯುವ ಮುದುಕ ಕಾಬೋಲ್ಡ್ ಬೀಗದ ಕೈಗೊಂಚಲು ಹಿಡಿದು ಮುಂದೆ ಮುಂದೆ ಹತ್ತಿದ.

"ಮೆಲ್ಲಗೆ ಬನ್ನಿ ಮಿಸ್. ಈ ಮೆಟ್ಟಿಲಿಗೆ ಬಿಷಪ್ಪರೂ ಒಂದೇ, ನಾವೂ ಒಂದೇ. ಹೋದ ವರ್ಷ ಒಬ್ಬರು ಪ್ರೊಫೆಸರು ಅರ್ಧದಲ್ಲೇ ಕೂತ್ಬಿಟ್ರು. ಪುಸ್ತಕ ಕೆಳಗೇ ತಂದುಕೊಡಯ್ಯಾ ಅಂದ್ರು."

"ತಂದುಕೊಟ್ರಾ?"

"ಸರಪಳಿ ಬಿಗಿದಿದ್ದಾರೆ ಸ್ವಾಮಿ, ಬರಲ್ಲ ಅಂದೆ. ಸರಪಳಿ ತೆಗೆದು ಇನ್ನೂರು ವರ್ಷ ಆಯ್ತು. ಅವರಿಗೇನು ಗೊತ್ತು?"

ಮೇಲಿನ ಕೋಣೆ ತಣ್ಣಗಿತ್ತು. ಮ್ಯೂರಿಯಲ್ ಕೈಗವಸು ಬಿಚ್ಚಿ, ಕೈ ಒರೆಸಿಕೊಂಡು, ಮತ್ತೆ ಒರೆಸಿಕೊಂಡು, ಪುಸ್ತಿಕೆ ತೆರೆದಳು. ಮೊಲ ಅಲ್ಲೇ ಕೂತಿತ್ತು. ಕಿವಿಯಲ್ಲಿ ಬಿಳಿ ಚುಕ್ಕೆ. ಅವಳಿಗೆ ನಗು ಬಂತು. ಚೆನ್ನಾಗಿ ಕಾಣಲೆಂದು ಆ ಹಾಳೆಯನ್ನು ಕಿಟಕಿಯ ಕಡೆಗೆ ಎತ್ತಿದಳು.

ಚುಕ್ಕೆಯೊಳಗಿಂದ ಬೆಳಕು ಬಂತು.

ಅವಳು ಹಾಳೆ ಇಳಿಸಿ, ಇನ್ನೊಮ್ಮೆ ಎತ್ತಿದಳು. ಮಗುಚಿ ನೋಡಿದಳು. ಹಿಂದಿನ ಪುಟದಲ್ಲೂ ತೂತು, ಒಂದು ಪದದ ನಡುವೆ. ಹುಳ ತಿಂದದ್ದು ಮರವನ್ನಲ್ಲ, ಕಾಗದವನ್ನು. ಫೋಟೋದಲ್ಲಿ ಬೆಳ್ಳಗೆ ಕಂಡದ್ದು ತೂತಿನ ಕೆಳಗಿದ್ದ ಮುಂದಿನ ಹಾಳೆ.

"ಏನಾಯ್ತು ಮಿಸ್? ಮುಖ ಬಿಳುಚಿಕೊಂಡಿದೆ."

"ತೂತಿದೆ."

"ಅಯ್ಯೋ, ಅದಾ! ನಮ್ಮ ಹುಳಗಳು ಬಲು ದೈವಭಕ್ತರು ಮಿಸ್. ಪ್ರಾರ್ಥನೆ ಪುಸ್ತಕ ಮುಟ್ಟಲ್ಲ, ಇಂಥ ಪುಡಿ ಪುಸ್ತಕಾನೇ ಮೇಯೋದು. ನಾನು ಕೆಳಗಿರ್ತೀನಿ, ಆದಮೇಲೆ ಕರೀರಿ."

ಅವನ ಹೆಜ್ಜೆ ಸಪ್ಪಳ ಇಳಿದುಹೋಯಿತು. ಅಚ್ಚಿನ ತೂತು ಇದ್ದ ಜಾಗವನ್ನೇ ಹುಳವೂ ತಿಂದಿರಬಾರದೇಕೆ? ಈ ಮಾತು ಬೇರೆ ಯಾರಾದರೂ ಹೇಳಿದ್ದರೆ ಮ್ಯೂರಿಯಲ್ ನಕ್ಕುಬಿಡುತ್ತಿದ್ದಳು. ಆದರೂ ಭೂತಗನ್ನಡಿ ತೆಗೆದು ಅಳೆದಳು. ಫೋಟೋದಲ್ಲಿ ಚುಕ್ಕೆ ಹರಡಿ ದೊಡ್ಡದಾಗಿ ಕಂಡಿತ್ತು. ನಿಜವಾದ ತೂತು ಸಾಸಿವೆಯ ಅರ್ಧವೂ ಇರಲಿಲ್ಲ. ಅದರ ಅಂಚಿನವರೆಗೂ, ಸುತ್ತಲೂ, ಮಸಿ ಗಟ್ಟಿಯಾಗಿ ಕೂತಿತ್ತು. ಫೆಲ್ಗೇಟರ ಅಚ್ಚಾಗಿದ್ದರೆ ಅಲ್ಲಿ ಬಿಳಿ ಬಳೆಯಾದರೂ ಉಳಿಯಬೇಕಿತ್ತು. ಇದು ನೋಕ್ಸನ ಮೊಲ.

ಕರಡನ್ನು ಮೇಜಿನ ಮೇಲೆ ಹರಡಿದಳು. ಹೀಗೇ ಬಿಟ್ಟರೆ ಯಾರು ಕೇಳುತ್ತಾರೆ? ಇನ್ನೊಂದು ಪ್ರತಿ ಇಲ್ಲ. ಈ ಮೆಟ್ಟಿಲು ಹತ್ತಿ, ಈ ಹಾಳೆಯನ್ನು ಬೆಳಕಿಗೆ ಹಿಡಿಯುವವರು ಇನ್ನು ಐವತ್ತು ವರ್ಷ ಬರಲಾರರು. ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೂ ಸಾಕು, ಜೋನ್ ಉಳಿಯುತ್ತಾಳೆ. ಅವಳಿಗಿದ್ದದ್ದು ಇದೊಂದೇ ಪುಸ್ತಕ. ಇದು ಹೋದರೆ ಪುಸ್ತಕದ ಕೊನೆಯಲ್ಲಿರುವ ಮುದ್ರಕರ ಪಟ್ಟಿಯಿಂದಲೂ ಹೆಸರು ಹೋಗುತ್ತದೆ. ಮತ್ತೆ ಗಂಡನನ್ನು ಮಣ್ಣು ಮಾಡುತ್ತ ನಿಂತ ಹೆಂಗಸು ಮಾತ್ರ ಆಗುತ್ತಾಳೆ. ಮ್ಯೂರಿಯಲ್ ಪೆನ್ಸಿಲ್ ಕೈಗೆತ್ತಿಕೊಂಡು ಪ್ರಶ್ನೆಯ ಕೊಂಕನ್ನು ಬರೆದೇಬಿಟ್ಟಳು.

ನೋಡುತ್ತ ಕೂತಳು. ಅದು ಜೋನ್‌ಳ ಬಗೆಗಿನ ಪ್ರಶ್ನೆಯಾಗಿರಲಿಲ್ಲ. ಉತ್ತರ ಗೊತ್ತಿದ್ದೂ ಕೇಳಿದ ಪ್ರಶ್ನೆ.

ಅವಳು ಅದನ್ನು ಅಳಿಸಿದಳು. ಮಸಿಯ ಪೆನ್ನು ತೆಗೆದು ಹೆಸರಿನ ಮೇಲೆ ಒಂದು ಗೆರೆ ಎಳೆದಳು, ಅಕ್ಷರ ಓದಲು ಬರುವಷ್ಟು ತೆಳ್ಳಗೆ. ಅಂಚಿನಲ್ಲಿ ನೋಕ್ಸ್ ಎಂದು ಬರೆದಳು. ಕಾರಣವನ್ನೂ ಬರೆದಳು, ತಪ್ಪು ತನ್ನದು ಎಂದೂ.

ಕೆಳಗೆ ಕಾಬೋಲ್ಡ್ ಚಹಾ ಕುಡಿಯುತ್ತಿದ್ದ. ಬೆಳಿಗ್ಗೆ ಅವನ ಬಳಿ ಯಾರನ್ನು ಹುಡುಕಿ ಬಂದಿದ್ದೇನೆ ಎಂದು ಅವಳೇ ಉತ್ಸಾಹದಿಂದ ಹೇಳಿಕೊಂಡಿದ್ದಳು.

"ಸಿಕ್ಕಿದ್ರಾ ಮಿಸ್, ನಿಮ್ಮ ಅಚ್ಚುಕೂಟದಮ್ಮ?"

"ಇಲ್ಲ, ಮಿಸ್ಟರ್ ಕಾಬೋಲ್ಡ್. ಅವರು ಇಲ್ಲಿಗೆ ಬಂದೇ ಇರಲಿಲ್ಲ."

"ಹಾಗಾದ್ರೆ ಒಂದು ಲೋಟ ಚಹಾನಾದ್ರೂ ಕುಡೀರಿ. ಅಷ್ಟು ಮೆಟ್ಟಿಲು ದಂಡವಾಗಬಾರದು."

"ಟಪಾಲು ಹೊರಡುತ್ತೆ," ಎಂದಳು ಅವಳು.

ಅಂಚೆಪೆಟ್ಟಿಗೆಯ ಬಾಯಲ್ಲಿ ಲಕೋಟೆಯನ್ನು ಸ್ವಲ್ಪ ಹೊತ್ತು ಹಿಡಿದೇ ನಿಂತಳು. ಆಮೇಲೆ ಅದು ಒಳಗೆ ಬಿದ್ದ ಸದ್ದಾಯಿತು.

ವಾಪಸು ರೈಲಿನಲ್ಲಿ ಜನ ಕಡಿಮೆ. ಮ್ಯೂರಿಯಲ್ ಕಿಟಕಿಯ ಬಳಿ ಕೂತಳು. ಎರಡು ಸ್ಟೇಷನ್ ದಾಟಿದ ಮೇಲೆ, ತೊಡೆಯ ಮೇಲಿದ್ದ ಚೀಲವನ್ನು ಎತ್ತಿ ಪಕ್ಕದ ಸೀಟಿನ ಮೇಲಿಟ್ಟಳು.